ನಾಲ್ಕನೇ ಶೀತಕೋಣೆಯ ಮೂರು ದೂರು

ಸೋಮವಾರ, 14ನೇ ತಾರೀಕು, ಬೆಳಿಗ್ಗೆ 10.15ಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಯೂನಿಫಾರಂ ಹೊಲಿಯುವ ಟೈಲರ್. ಅಳತೆಯ ಟೇಪು ಕೊರಳಲ್ಲೇ ನೇತಾಡುತ್ತಿತ್ತು. ಹಿಂದಿನ ಸಂಜೆಯಿಂದ ಅದನ್ನು ತೆಗೆದಿಡುವುದು ಅವಳಿಗೆ ನೆನಪಾಗಿರಲಿಲ್ಲ.

"ನನ್ನ ತಮ್ಮನ್ನ ಕೊಂದಿದ್ದಾರೆ. ಬರ್ಕೊಳ್ಳಿ."

"ಯಾರು ಅಂತ ಬರೀಲಮ್ಮ?" ಎಂದ ದಫೇದಾರ.

"ಅದನ್ನ ಹುಡುಕೋಕೆ ತಾನೆ ನಿಮ್ಮನ್ನ ಇಲ್ಲಿ ಕೂರಿಸಿರೋದು?"

ಒಳಗಿನಿಂದ ಇನ್ಸ್‌ಪೆಕ್ಟರ್ ಎದ್ದು ಬಂದರು. ಅವರು ಕೋಪ ಬಂದಾಗ ಕೂಗುವವರಲ್ಲ. ದನಿ ತಗ್ಗುತ್ತದೆ. ದನಿ ತಗ್ಗಿತೆಂದರೆ ದಫೇದಾರ ತನ್ನ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಳ್ಳುತ್ತಾನೆ.

ತಮ್ಮ ಶೀತಲಗೃಹವೊಂದರಲ್ಲಿ ಲೋಡರ್. ಭಾನುವಾರ ಮಧ್ಯಾಹ್ನ ಎರಡಕ್ಕೆ ಹತ್ತು ನಿಮಿಷದ ಕೆಲಸಕ್ಕೆಂದು ನಾಲ್ಕನೇ ಕೋಣೆಗೆ ಹೋದ. ಒಳಗೆ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕಡಿಮೆ. ಬಾಗಿಲು ಹಿಂದಿನಿಂದ ಮುಚ್ಚಿಕೊಂಡಿತು. ಒಳಗಿನಿಂದ ತೆರೆಯಲು ಹಿಡಿಕೆ ಇರಲಿಲ್ಲ. ಸಂಜೆ 6.10ಕ್ಕೆ ಪಾಳಿ ಬದಲಾದಾಗ ಹೊರಗಿನಿಂದ ಯಾರೋ ತೆರೆದರು.

ಹೆಂಗಸು ಒಂದು ಕಾಗದವನ್ನು ಮೇಜಿನ ಮೇಲೆ ಹಾಕಿದಳು. ಅಂದು ಬೆಳಿಗ್ಗೆ ಎಂಟಕ್ಕೇ ಕಂಪನಿ ನೋಟೀಸ್ ಬೋರ್ಡಿಗೆ ಅಂಟಿಸಿದ ಪ್ರಕಟಣೆಯ ಪ್ರತಿ. 'ಕಾರ್ಮಿಕನು ನಿಯಮ ಮೀರಿ ಬಾಗಿಲಿಗೆ ಕ್ರೇಟ್ ಅಡ್ಡ ಇಟ್ಟು ಕೆಲಸ ಮಾಡಿದ ಅಜಾಗರೂಕತೆಯೇ ಅವಘಡಕ್ಕೆ ಕಾರಣ. ಸದರಿ ಬಾಗಿಲಿನ ಬಗ್ಗೆ ಆಡಳಿತಕ್ಕೆ ಯಾವುದೇ ದೂರು ಬಂದಿರಲಿಲ್ಲ.'

"ಸತ್ತವನ ತಲೆ ಮೇಲೇ ಹಾಕಿದ್ದಾರೆ ಸಾರ್. ಅವನು ಮೂರು ಸಲ ದೂರು ಕೊಟ್ಟಿದ್ದ."

"ಯಾರಿಗೆ ಹೇಳಿದ್ದ?"

"ಹೇಳಿಲ್ಲ, ಬರೆದಿದ್ದ. ಬಾಯಲ್ಲಿ ಹೇಳಿದ್ರೆ ನಾಳೆ ಇಲ್ಲ ಅಂತಾರೆ ಕಣೋ, ಬರೆದು ಹಾಕು, ನಂಬರ್ ನಂಗೆ ಕಳಿಸು ಅಂತ ನಾನೇ ಹೇಳಿದ್ದೆ." ಅವಳು ಫೋನ್ ಚಾಚಿದಳು. ತಮ್ಮನ ಮೂರು ಮೆಸೇಜು. ಕಳೆದ ತಿಂಗಳ 28, ಈ ತಿಂಗಳ 3, ಮತ್ತು 9. ಪ್ರತಿಯೊಂದರಲ್ಲೂ ಆರಂಕಿಯ ಒಂದು ನಂಬರು, ಕೆಳಗೆ 'ಅಕ್ಕಾ, ಹಾಕಿದೀನಿ' ಎಂಬ ಎರಡು ಪದ.

"ದೂರು ಹಾಕಿದ್ರೆ ಮೇಲ್ ಬರತ್ತೆ ಸಾರ್. ಅವನಿಗೆ ಮೇಲ್ ಇರ್ಲಿಲ್ಲ, ನಂದೇ ಕೊಟ್ಟಿದ್ದ. ಮೊದ್ಲೆಲ್ಲ ದೂರು ಹಾಕಿದ ತಕ್ಷಣ ನಂಗೆ ಬರ್ತಿತ್ತು, ನಿಮ್ಮ ದೂರು ಸ್ವೀಕರಿಸಿದ್ದೇವೆ ಅಂತ. ಈ ಮೂರಕ್ಕೆ ಬರ್ಲೇ ಇಲ್ಲ."

ಇನ್ಸ್‌ಪೆಕ್ಟರ್ ಆ ಮಾತನ್ನು ಎರಡನೇ ಸಲ ಹೇಳಿಸಿ ಬರೆದುಕೊಂಡರು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದ ಆರೋಪದಡಿ 10.50ಕ್ಕೆ ಎಫ್‌ಐಆರ್ 118 ದಾಖಲಾಯಿತು. ಆರೋಪಿಯ ಹೆಸರಿನ ಜಾಗ ಖಾಲಿ ಬಿಟ್ಟರು.

ಮಧ್ಯಾಹ್ನ 12ಕ್ಕೆ ಸ್ಥಳ ಪಂಚನಾಮೆ. ಇಬ್ಬರು ಪಂಚರು, ದಫೇದಾರ, ಟಾರ್ಚು ಹಿಡಿದ ಮಹಿಳಾ ಕಾನ್ಸ್‌ಟೇಬಲ್. ಬಾಗಿಲು ಒಂದು ಗೇಣು ದಪ್ಪ, ಕೈ ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುವಂಥದ್ದು. ಒಳಮೈಯಲ್ಲಿ ಹಿಡಿಕೆ ಇರಬೇಕಾದಲ್ಲಿ ನಾಲ್ಕು ಸ್ಕ್ರೂ ತೂತುಗಳು. ಪಕ್ಕದ ಕರೆಗಂಟೆ ಒತ್ತಿದರೆ ಸದ್ದಿಲ್ಲ. ಹೊಸ್ತಿಲ ಬಳಿ ಒಂದು ಪ್ಲಾಸ್ಟಿಕ್ ಕ್ರೇಟ್, ಅದರ ತಳದಲ್ಲಿ ಮಂಜು. ಜಾರಿದ ಗೆರೆ ನೆಲದ ಮೇಲೆ ಇನ್ನೂ ಇತ್ತು. ಬಾಗಿಲಿನ ಮೇಲೆ ಕಟ್ಟಿದ್ದ ಹಿಮದಲ್ಲಿ ಎದೆಯೆತ್ತರಕ್ಕೆ ಬಡಿದ ಕೈಗಳ ಗುರುತು, ಕೆಳಗೆ ಮೊಣಕಾಲೆತ್ತರಕ್ಕೆ ಇನ್ನಷ್ಟು. ಬರೆಯುತ್ತಿದ್ದ ದಫೇದಾರ ಆ ಎತ್ತರಗಳನ್ನು ಅಳೆದು ಬರೆದ. ಆಮೇಲೆ ಪೆನ್ನು ಮುಚ್ಚಿ ಹೊರಗೆ ಹೋಗಿ ಬಂದ. ಮೂವತ್ತೊಂದು ವರ್ಷದ ಸರ್ವಿಸ್, ಅವನು ಹೀಗೆ ಹೊರಗೆ ಹೋಗುವವನಲ್ಲ.

ಕೋಣೆಗಳ ಎದುರಿನ ಗೋಡೆಗೆ ಒಂದು ಕಂಪ್ಯೂಟರ್. ಕಾರ್ಮಿಕರು ದೂರು ಹಾಕುವುದು ಅಲ್ಲೇ. ಮಹಿಳಾ ಕಾನ್ಸ್‌ಟೇಬಲ್ ಅಕ್ಕನ ಫೋನಿನ ನಂಬರುಗಳನ್ನು ಒಂದೊಂದಾಗಿ ಒತ್ತಿದಳು. ಮೂರೂ ತೆರೆದವು. ಮೂರರ ಮುಂದೆಯೂ 'ಬಾಕಿ' ಎಂದಿತ್ತು. ಅದರ ಪಕ್ಕದಲ್ಲಿ ಹಸಿರು ಅಕ್ಷರದಲ್ಲಿ 'ಮೇಲ್ ಕಳುಹಿಸಲಾಗಿದೆ'.

"ಇದು ದೂರಲ್ಲದೆ ಮತ್ತೇನು, ಮದುವೆ ಕಾಗದಾನಾ?" ಎಂದರು ಇನ್ಸ್‌ಪೆಕ್ಟರ್. ದನಿ ಆಗಲೇ ಅರ್ಧ ತಗ್ಗಿತ್ತು.

ಮೇಂಟೆನೆನ್ಸ್ ಕೋಣೆಯಲ್ಲಿ ಹಿರಿಯ ಮೆಕ್ಯಾನಿಕ್ ಒಬ್ಬನೇ ಇದ್ದ. ಅವನ ತಲೆಯ ಮೇಲೆ ಗೋಡೆಗೆ ಚೌಕಟ್ಟು ಹಾಕಿದ ಸುತ್ತೋಲೆ: 'ಬಾಯಿಮಾತಿನ ಕೆಲಸ ಇಲ್ಲ. ಮೇಲ್‌ನಲ್ಲಿ ನಂಬರ್ ಬಂದರೆ ಮಾತ್ರ ಕೆಲಸ.' ಕೆಳಗೆ ಮೇಂಟೆನೆನ್ಸ್ ಮುಖ್ಯಸ್ಥನ ಸಹಿ.

"ನಾಲ್ಕನೇ ಕೋಣೆ ಹಿಡಿಕೆ ಕಿತ್ತಿರೋದು ಗೊತ್ತಿತ್ತಾ?"

"ಲೋಡರ್‌ಗಳು ಹೇಳ್ತಿದ್ರು ಸಾರ್."

"ಮತ್ತೆ?"

"ನಂಬರ್ ಬಂದಿಲ್ಲ ಅಂದೆ. ನಂಬರ್ ಇಲ್ದೆ ಒಂದು ಸ್ಕ್ರೂ ಮುಟ್ಟಿದ್ರೂ ಮೆಮೋ ಕೊಡ್ತಾರೆ. ಹೋದ ವರ್ಷ ಒಬ್ಬಂಗೆ ಕೊಟ್ರು."

"ಕೊನೇ ನಂಬರ್ ಯಾವಾಗ ಬಂತು?"

ಮೆಕ್ಯಾನಿಕ್ ತನ್ನ ಫೋನ್ ತೋರಿಸಿದ. ಕಳೆದ ತಿಂಗಳ 21, ಶನಿವಾರ, ಬೆಳಿಗ್ಗೆ 10.48. ಅದರ ನಂತರ ಒಂದೂ ಇಲ್ಲ.

"ಮೂರು ವಾರದಿಂದ ಇಷ್ಟು ದೊಡ್ಡ ಕಟ್ಟಡದಲ್ಲಿ ಒಂದು ಬಲ್ಬೂ ಹೋಗಿಲ್ಲ, ಒಂದು ನಲ್ಲೀನೂ ಸೋರಿಲ್ಲ. ನಿಂಗೇನೂ ಅನ್ನಿಸ್ಲಿಲ್ವಾ?"

"ಮುಖ್ಯಸ್ಥರನ್ನ ಕೇಳ್ದೆ ಸಾರ್. ನಾವು ಮೊದ್ಲೇ ಚೆನ್ನಾಗಿ ಕೆಲಸ ಮಾಡಿದೀವಿ, ಅದಕ್ಕೇ ದೂರಿಲ್ಲ, ಸುಮ್ನಿರು ಅಂದ್ರು."

ಕಚೇರಿಯ ಮುಂಬಾಗಿಲಲ್ಲಿ ನೋಟೀಸ್ ಬೋರ್ಡ್. ಲೋಡರನ ಅಜಾಗರೂಕತೆಯ ಪ್ರಕಟಣೆಯ ಪಕ್ಕದಲ್ಲೇ ಮೇಂಟೆನೆನ್ಸ್ ಮುಖ್ಯಸ್ಥನ ನಗುಮುಖದ ಫೋಟೋ. 'ತಿಂಗಳ ಅತ್ಯುತ್ತಮ ವಿಭಾಗ – ಶೂನ್ಯ ಬಾಕಿ.' ಇನ್ಸ್‌ಪೆಕ್ಟರ್ ಎರಡನ್ನೂ ಒಟ್ಟಿಗೆ ಫೋಟೋ ತೆಗೆಸಿ ಪಂಚನಾಮೆಗೆ ಸೇರಿಸಿದರು.

ಜನರಲ್ ಮ್ಯಾನೇಜರನ ಕೋಣೆಯಲ್ಲಿ ಮುಖ್ಯಸ್ಥನೂ ಇದ್ದ. ಐವತ್ತೆರಡರ ಆಸುಪಾಸು, ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಅಂಗಿ, ಮಾತಾಡುವಾಗ ಕೈ ಕಟ್ಟಿಕೊಳ್ಳುವ ಮನುಷ್ಯ. ಆದರೆ ಮಾತೆಲ್ಲ ಜನರಲ್ ಮ್ಯಾನೇಜರನದೇ.

"ನೋಡಿ, ನಮ್ಮ ವ್ಯವಸ್ಥೆ ಪಕ್ಕಾ. ದೂರು ಬಿದ್ದ ಕೂಡಲೇ ಮೆಕ್ಯಾನಿಕ್‌ಗೆ ಮೇಲ್ ಹೋಗತ್ತೆ. ಎಂಟು ಗಂಟೆಯೊಳಗೆ ಕೆಲಸ ಆಗ್ಲಿಲ್ಲ ಅಂದ್ರೆ ಇವ್ರಿಗೆ. ಇಪ್ಪತ್ನಾಲ್ಕು ಗಂಟೆ ಆದ್ರೆ ನನಗೆ, ಕೆಂಪು ಮೇಲ್. ಪ್ರತಿ ಸೋಮವಾರ ಮೀಟಿಂಗಲ್ಲಿ ನಾನೇ ಓದ್ತೀನಿ. ಮೂರು ವಾರದಿಂದ ಕೆಂಪು ಮೇಲ್ ಬಂದಿಲ್ಲ."

"ದೂರು ಬಂದಿಲ್ಲ ಅಂತ ನೋಟೀಸ್ ಹಾಕ್ಸಿದ್ದು ಅದಕ್ಕೇನಾ? ಒಂದು ಸಲ ಆ ಗೋಡೆ ಕಂಪ್ಯೂಟರ್ ಹತ್ರ ಹೋಗಿ ನೋಡ್ಬಹುದಿತ್ತಲ್ಲ."

"ಅದೆಲ್ಲ ನೋಡೋಕೆ ಅಡ್ಮಿನ್ ಇದ್ದಾಳೆ. ಆಯಮ್ಮನೇ ಏನೋ ಸೆಟ್ಟಿಂಗ್ ಕೆಡಿಸಿದ್ದಾಳೆ. ಲಾಗ್ ತೆಗೆಸಿದೀವಿ, ಅವಳ ಹೆಸರಲ್ಲೇ ಇದೆ. ಕರ್ಕೊಂಡು ಹೋಗಿ."

ಲಾಗ್ ಎಂದರೆ ಆ ಸಾಫ್ಟ್‌ವೇರಿನಲ್ಲಿ ಯಾರು ಯಾವಾಗ ಏನು ಬದಲಿಸಿದರೆಂಬುದನ್ನು ತಾನೇತಾನಾಗಿ ಬರೆದುಕೊಳ್ಳುವ ದಿನಚರಿ. ಅದರಲ್ಲಿ ಎರಡು ಸಾಲು. 21ರಂದು ಬೆಳಿಗ್ಗೆ 11.05: 'ಹೊರಹೋಗುವ ಮೇಲ್ – ಪರೀಕ್ಷಾ ವಿಳಾಸ ಸೇರಿಸಲಾಗಿದೆ.' 13ರಂದು ಸಂಜೆ 6.31: 'ಪರೀಕ್ಷಾ ವಿಳಾಸ ತೆಗೆಯಲಾಗಿದೆ.' ಎರಡರ ಮುಂದೆಯೂ ಅಡ್ಮಿನ್ನಿನ ಹೆಸರು.

ಹೊರಗೆ ಬಂದ ಮೇಲೆ ದಫೇದಾರ ಗೊಣಗಿದ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ಜನ ಸಾರ್ ಇವ್ರು. ಕೇಳೋಕ್ ಮುಂಚೆನೇ ಎಮ್ಮೆ ಹಗ್ಗ ನಮ್ಮ ಕೈಗೆ ಕೊಟ್ರು."

ಅಡ್ಮಿನ್ ಸಿಕ್ಕಿದ್ದು ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಮಧ್ಯಾಹ್ನ 3.20ಕ್ಕೆ. ಗಂಡನಿಗೆ ಬೆನ್ನುಮೂಳೆಯ ಆಪರೇಷನ್ ಆಗಿತ್ತು. ಕಳೆದ ತಿಂಗಳ 19ರಿಂದ ಈ 16ರವರೆಗೆ ಅವಳ ರಜೆ. ಪೊಲೀಸರನ್ನು ಕಂಡು ಎದ್ದು ನಿಂತ ಅವಳ ಕೈಯಲ್ಲಿ ಗಂಡನಿಗೆ ಕುಡಿಸುತ್ತಿದ್ದ ಗಂಜಿಯ ಲೋಟ ಹಾಗೇ ಇತ್ತು.

"ಪರೀಕ್ಷಾ ವಿಳಾಸ ಅಂದ್ರೇನಮ್ಮ? ನಮ್ ದಫೇದಾರಂಗೆ ಅರ್ಥ ಆಗೋ ಹಾಗೆ ಹೇಳು."

"ಸಾಫ್ಟ್‌ವೇರ್ ಹೊಸದಾಗಿ ಹಾಕಿದಾಗ ಮೇಲ್ ಸರಿಯಾಗಿ ಹೊರಡುತ್ತಾ ಅಂತ ನೋಡ್ಬೇಕಲ್ಲ ಸಾರ್. ಆಗ ಸಾವಿರ ಜನಕ್ಕೆ ಸುಳ್ಳು ಮೇಲ್ ಹೋಗ್ಬಾರದು. ಅದಕ್ಕೇ ಒಂದು ಖಾನೆ ಇರತ್ತೆ. ಅದರಲ್ಲಿ ಒಂದು ವಿಳಾಸ ಬರೆದ್ರೆ, ಯಾರಿಗೆ ಹೋಗ್ಬೇಕಾದ ಮೇಲ್ ಆದ್ರೂ ಎಲ್ಲಾ ಅಲ್ಲಿಗೇ ಹೋಗತ್ತೆ. ನೋಡೋರಿಗೆ ಮಾತ್ರ 'ಕಳುಹಿಸಲಾಗಿದೆ' ಅಂತ ಹಸಿರಾಗೇ ಕಾಣ್ಸತ್ತೆ."

"ಅಂದ್ರೆ ಟಪಾಲಿನವನು ಇಡೀ ಬೀದಿ ಕಾಗದಾನ ಒಂದೇ ಪಾಳು ಮನೆಗೆ ಹಾಕಿ, ಎಲ್ಲಾ ಹಂಚಿದೆ ಅಂತ ಸಹಿ ಮಾಡ್ದ ಹಾಗೆ," ಎಂದ ದಫೇದಾರ.

"ಹೌದು ಸಾರ್. ಪರೀಕ್ಷೆ ಮುಗಿದ ಮೇಲೆ ಆ ಖಾನೆ ಖಾಲಿ ಮಾಡ್ಲೇಬೇಕು. ಎರಡು ವರ್ಷದ ಹಿಂದೆ ನಾನೇ ಖಾಲಿ ಮಾಡಿದ್ದೆ." ಅವಳು ಲೋಟ ಕೆಳಗಿಟ್ಟಳು. "ಅದನ್ನ ಮತ್ತೆ ತುಂಬಿದ್ದಾರಾ?"

"ನಿನ್ನ ಹೆಸರಲ್ಲೇ ತುಂಬಿದ್ದಾರೆ. ಪಾಸ್‌ವರ್ಡ್ ಯಾರತ್ರ ಇತ್ತು?"

"ರಜೆ ಹಾಕಿದಾಗ ಲಕೋಟೆಯಲ್ಲಿಟ್ಟು, ಅಂಟಿಸಿ, ಮೇಲೆ ಅಡ್ಡ ಸಹಿ ಹಾಕಿ ಕೊಡ್ಬೇಕು. ಅದು ನಿಯಮ. 18ನೇ ತಾರೀಕು ಮೇಂಟೆನೆನ್ಸ್ ಮುಖ್ಯಸ್ಥರಿಗೆ ಕೊಟ್ಟೆ. ಯಾರೂ ತೆರೀಬಾರದು, ತೆರೆದ್ರೆ ಪುಸ್ತಕದಲ್ಲಿ ಬರೀಬೇಕು."

ಇನ್ಸ್‌ಪೆಕ್ಟರ್ ಆಸ್ಪತ್ರೆಯಲ್ಲಿ ಭೇಟಿಗೆ ಬರುವವರ ಪಾಸ್ ಬರೆದಿಡುವ ಪುಸ್ತಕ ತರಿಸಿದರು. ಭಾನುವಾರ ಸಂಜೆ 6ರಿಂದ 7ರವರೆಗೆ ಅವಳು ಆಗ ಗಂಡನಿದ್ದ ತೀವ್ರ ನಿಗಾ ಘಟಕದೊಳಗೆ ಇದ್ದಳು. ಫೋನನ್ನು ನರ್ಸಿನ ಮೇಜಿನ ಮೇಲೆ ಬಿಟ್ಟದ್ದಕ್ಕೆ ಸಹಿ ಇತ್ತು. ಆ ಪುಟವನ್ನು ಜಪ್ತಿ ಮಾಡಿದರು.

ಮಂಗಳವಾರ ಬೆಳಿಗ್ಗೆ 9.30ಕ್ಕೆ ಪಂಚರ ಮುಂದೆ ಮುಖ್ಯಸ್ಥನ ಬೀರು ತೆರೆಯಲಾಯಿತು. ಲಕೋಟೆ ಇತ್ತು. ಅಂಟು ಬಿಟ್ಟಿರಲಿಲ್ಲ, ಮೇಲೆ ಅಡ್ಡ ಸಹಿ, 18ರ ತಾರೀಕು.

"ನೋಡಿ ಸಾರ್, ಮುಟ್ಟಿಲ್ಲ," ಎಂದ ಮುಖ್ಯಸ್ಥ, ಯಾರೂ ಕೇಳುವ ಮೊದಲೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಇದನ್ನೇ.

ಮಹಿಳಾ ಕಾನ್ಸ್‌ಟೇಬಲ್ ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ಹಳೆಯ ಕಡತದೊಳಗಿನ ಲಕೋಟೆ ಎತ್ತಿ ಪಕ್ಕದಲ್ಲಿಟ್ಟಳು. "ಸಾರ್, ಕಂಪನಿ ಚಿಹ್ನೆ ಬೇರೆ ಇದೆ. ಹಳೇದರಲ್ಲಿ ಸುತ್ತ ಗೆರೆ ಇದೆ, ಇದರಲ್ಲಿಲ್ಲ."

ಉಗ್ರಾಣದ ಗುಮಾಸ್ತ ಪುಸ್ತಕ ತಂದ. ಹೊಸ ಚಿಹ್ನೆಯ ಲಕೋಟೆಗಳ ಮೊದಲ ಕಟ್ಟು ಒಡೆದದ್ದು ಈ ತಿಂಗಳ 2ರಂದು. ಮೇಂಟೆನೆನ್ಸಿಗೆ ಹತ್ತು ಕೊಟ್ಟದ್ದು 4ರಂದು, ಮುಖ್ಯಸ್ಥನದೇ ಸಹಿ.

"ಈ ತಿಂಗಳು ಹುಟ್ಟಿದ ಲಕೋಟೆ ಮೇಲೆ ಹೋದ ತಿಂಗಳು ಸಹಿ ಹಾಕೋಕೆ ಆಯಮ್ಮ ಏನು ಮಂತ್ರವಾದಿನಾ?" ಎಂದರು ಇನ್ಸ್‌ಪೆಕ್ಟರ್. ಈ ಸಲ ದನಿ ಕೇಳಿಸುವುದೇ ಕಷ್ಟವಾಯಿತು. ಮುಖ್ಯಸ್ಥ ಕಟ್ಟಿದ್ದ ಕೈ ಬಿಟ್ಟ. ಅವನ ಫೋನನ್ನೂ ಜಪ್ತಿ ಮಾಡಿದರು.

ಮಧ್ಯಾಹ್ನ ಅಡ್ಮಿನ್ ಬಂದು, ಪಂಚರ ಮುಂದೆ ಆ ಪರೀಕ್ಷಾ ವಿಳಾಸದ ಪೆಟ್ಟಿಗೆ ತೆರೆದಳು. 347 ಮೇಲ್. ಮೆಕ್ಯಾನಿಕ್‌ಗಳದ್ದು, ಮುಖ್ಯಸ್ಥನದ್ದು, ಜನರಲ್ ಮ್ಯಾನೇಜರನ ಕೆಂಪು ಮೇಲ್‌ಗಳು, ಅಕ್ಕನಿಗೆ ತಲುಪಬೇಕಿದ್ದ ಸ್ವೀಕೃತಿಗಳು. ಎಲ್ಲವೂ ದಪ್ಪಕ್ಷರದಲ್ಲಿ, ಅಂದರೆ ಯಾರೂ ತೆರೆಯದವು. ಒಂಬತ್ತು ಮಾತ್ರ ತೆಳ್ಳಗೆ. ಆ ಒಂಬತ್ತು ಓದಲ್ಪಟ್ಟಿದ್ದವು. ಅವುಗಳಲ್ಲಿ ಮೂರು ನಾಲ್ಕನೇ ಶೀತಕೋಣೆಯವು.

ಮೂರನೆಯದನ್ನು ಮಹಿಳಾ ಕಾನ್ಸ್‌ಟೇಬಲ್ ಗಟ್ಟಿಯಾಗಿ ಓದಿದಳು. "ಒಳಗಿನ ಹಿಡಿಕೆ ಇನ್ನೂ ಹಾಕಿಲ್ಲ. ಗಂಟೆನೂ ಕೆಲಸ ಮಾಡ್ತಿಲ್ಲ. ಕ್ರೇಟ್ ಅಡ್ಡ ಇಟ್ಟು ಕೆಲಸ ಮಾಡ್ತಿದೀವಿ. ಕ್ರೇಟ್ ಜಾರತ್ತೆ. ಯಾರಾದ್ರೂ ಒಳಗೆ ಸಿಕ್ಕಿಕೊಳ್ತಾರೆ, ದಯವಿಟ್ಟು ಬೇಗ ನೋಡಿ."

ತೆರೆದ ಸಮಯ: 10ನೇ ತಾರೀಕು, ಬೆಳಿಗ್ಗೆ 8.40, ಮುಖ್ಯಸ್ಥನ ಫೋನಿನಿಂದ. ಸಾವಿಗೆ ಮೂರು ದಿನ ಮೊದಲು.

ವಿಚಾರಣೆ ಸಂಜೆ 4ಕ್ಕೆ ಶುರುವಾಯಿತು. ಮೇಜಿನ ಮೇಲೆ ಲಕೋಟೆ, ಲಾಗ್, ಫೋನು.

"ಭಾನುವಾರ ಬಾಗಿಲು ತೆಗೆದಿದ್ದು 6.10ಕ್ಕೆ. ನಿಮಗೆ ಫೋನ್ ಬಂದಿದ್ದು 6.14ಕ್ಕೆ. ವಿಳಾಸ ತೆಗೆದಿದ್ದು 6.31ಕ್ಕೆ. ಆಂಬುಲೆನ್ಸ್ ಬಂದಿದ್ದು 6.40ಕ್ಕೆ. ಆ ಹೊತ್ತಿಗೆ ಅವನು ಬದುಕಿದ್ದಾನೋ ಇಲ್ವೋ ಅಂತ ನಿಮಗೆ ಗೊತ್ತಿತ್ತಾ?"

"ಇಲ್ಲ."

"ಆದ್ರೂ ಮೊದ್ಲು ಮಾಡಿದ ಕೆಲಸ ಅದು."

ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕುವವರನ್ನು ಜನ ಪೆದ್ದರೆಂದು ನಗುತ್ತಾರೆ. ಇವನು ಪೆದ್ದನಲ್ಲ. ಹಾಕಿದ್ದು ತನ್ನನ್ನು ಉಳಿಸಿಕೊಳ್ಳುವ ಬಾಗಿಲು.

"ಮೇಲಿನೋರಿಗೆ ಹೋಗೋ ಕೆಂಪು ಮೇಲ್ ಒಂದೇ ನಿಲ್ಲತ್ತೆ ಅಂದ್ಕೊಂಡಿದ್ದೆ ಸಾರ್," ಎಂದ ಮುಖ್ಯಸ್ಥ. "ಎಲ್ಲಾ ನಿಂತು ಹೋಗತ್ತೆ ಅಂತ ಗೊತ್ತಿರ್ಲಿಲ್ಲ. ಎರಡು ದಿನ ಆದ್ಮೇಲೆ ಗೊತ್ತಾಯ್ತು."

"ಗೊತ್ತಾದ ಮೇಲೆ?"

"ತೆಗೆದ್ರೆ ಮತ್ತೆ ಕೆಂಪು ಮೇಲ್ ಶುರುವಾಗಿ, ಬಾಕಿ ಇರೋದೆಲ್ಲ ಹೊರಗೆ ಬೀಳತ್ತೆ ಅನ್ನೋ ಭಯ. ಈ ಸೋಮವಾರ ಕಳೀಲಿ, ಮುಂದಿನ ಸೋಮವಾರ ಕಳೀಲಿ ಅಂತ..."

"ಸರಿ, ಅದು ಬೇಡ. ಹತ್ತನೇ ತಾರೀಕು ಅವನ ದೂರು ಓದಿದ್ರಿ. ಎದ್ದು ಹೋಗಿ ಮೆಕ್ಯಾನಿಕ್‌ಗೆ, ನಾಲ್ಕನೇ ಕೋಣೆಗೆ ಒಂದು ಹಿಡಿಕೆ ಹಾಕಪ್ಪ ಅನ್ನೋಕೆ ಏನಾಗಿತ್ತು? ಬಾಯಿ ಇರ್ಲಿಲ್ವಾ?"

ಮುಖ್ಯಸ್ಥ ತಲೆ ಎತ್ತಿದ. "ನಂಬರ್ ಕೇಳ್ತಿದ್ದ ಸಾರ್. ನಂಬರ್ ಕೊಟ್ರೆ, ಇದು ನಂಗ್ಯಾಕೆ ಮೇಲ್ ಬಂದಿಲ್ಲ ಅಂತಿದ್ದ. ಬಾಯಿಮಾತಿನ ಕೆಲಸ ಇಲ್ಲ ಅಂತ ನಾನೇ ಬೋರ್ಡ್ ಹಾಕಿದ್ದೆ."

ದಫೇದಾರ ಕುರ್ಚಿ ಎಳೆದುಕೊಳ್ಳಲಿಲ್ಲ. ಈ ಸಲ ಇನ್ಸ್‌ಪೆಕ್ಟರ್ ದನಿ ತಗ್ಗಿಸಲಿಲ್ಲ.

"ನಾಲ್ಕು ಸ್ಕ್ರೂ! ನಾಲ್ಕು ಸ್ಕ್ರೂ ರೀ! ಅವನು ನಾಲ್ಕು ಗಂಟೆ ಆ ಬಾಗಿಲು ಬಡಿದಿದ್ದಾನೆ. ನಿಂತು ಬಡಿದ, ಆಮೇಲೆ ಮಂಡಿಯೂರಿ ಬಡಿದ. ನಿಮ್ಮ ಬೋರ್ಡಿನ ಮರ್ಯಾದೆ ಉಳೀತು, ಅಲ್ವಾ?"

ಹೊರಗೆ ಬೆಂಚಿನ ಮೇಲಿದ್ದ ಅಕ್ಕನಿಗೂ ಅದು ಕೇಳಿಸಿತು. 5.25ಕ್ಕೆ ಮುಖ್ಯಸ್ಥನನ್ನು ಬಂಧಿಸಲಾಯಿತು. ಎಫ್‌ಐಆರಿನ ಖಾಲಿ ಜಾಗ ತುಂಬಿತು. ಗೊತ್ತಿದ್ದೂ ಸಾವಿಗೆ ಕಾರಣನಾದದ್ದು, ಸುಳ್ಳು ದಾಖಲೆ ಮತ್ತು ಸಾಕ್ಷ್ಯನಾಶದ ಆರೋಪಗಳೂ ಸೇರಿದವು. ಪರಿಶೀಲಿಸದೆ ಸುಳ್ಳು ಪ್ರಕಟಣೆ ಹಾಕಿಸಿದ್ದಕ್ಕೆ ಜನರಲ್ ಮ್ಯಾನೇಜರನಿಗೂ ಸಮನ್ಸ್ ಹೋಯಿತು. ನೋಟೀಸ್ ಬೋರ್ಡಿನಿಂದ ಎರಡೂ ಕಾಗದಗಳನ್ನು ದಫೇದಾರ ಖುದ್ದಾಗಿ ಕಿತ್ತು ತಂದ.

ಮುಖ್ಯಸ್ಥ ಯಾಕೆ ಹಾಗೆ ಮಾಡಿದನೆಂಬುದು ಬುಧವಾರ ಮಹಿಳಾ ಕಾನ್ಸ್‌ಟೇಬಲ್ ದಾಖಲಿಸಿದ ಒಂದು ಹೇಳಿಕೆಯಲ್ಲಿದೆ. ಹೇಳಿಕೆ ಕೊಟ್ಟವಳು ಮುಖ್ಯಸ್ಥನ ಮಗಳು. ಕಳೆದ ತಿಂಗಳಷ್ಟೇ ಅದೇ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಸೋಮವಾರದ ಮೀಟಿಂಗಿನ ನಡಾವಳಿ ಬರೆಯುವುದು ಅವಳ ಪಾಲಿಗೆ ಬಂತು. ಮೊದಲ ಸೋಮವಾರ ಜನರಲ್ ಮ್ಯಾನೇಜರ್ ಹನ್ನೊಂದು ಕೆಂಪು ಮೇಲ್ ಓದಿದ. ಓದುವಷ್ಟು ಹೊತ್ತೂ ಮುಖ್ಯಸ್ಥನನ್ನು ಇಪ್ಪತ್ತು ಜನರ ಮುಂದೆ ನಿಲ್ಲಿಸಿದ. ಕೊನೆಗೆ ಮಗಳ ಕಡೆ ತಿರುಗಿ, ಬರ್ಕೋಮ್ಮ, ನಿಮ್ಮಪ್ಪ ಯಾವುದಕ್ಕೂ ಲಾಯಕ್ಕಿಲ್ಲ ಅಂತ ಬರ್ಕೋ, ಎಂದ. ಎಲ್ಲರೂ ನಕ್ಕರು. ಮಗಳು ಬರೆಯಲಿಲ್ಲ. ಅದೇ ವಾರದ ಶನಿವಾರ ಅಪ್ಪ ಲಕೋಟೆ ಒಡೆದ.

ಇನ್ಸ್‌ಪೆಕ್ಟರ್ ಅದನ್ನು ಎರಡು ಸಲ ಓದಿ ಕಡತಕ್ಕೆ ಸೇರಿಸಿದರು. ಎಲ್ಲರ ಮುಂದೆ ನಿಂತು ಬೈಸಿಕೊಂಡವನ ಸಂಕಟ ಅವರಿಗೂ ಗೊತ್ತು; ಪೊಲೀಸ್ ಇಲಾಖೆಯಲ್ಲಿ ಅದು ಗೊತ್ತಿಲ್ಲದವರು ಕಡಿಮೆ. ಆದರೂ ಅವರ ಕೋಪ ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ.

ಶುಕ್ರವಾರ ಬೆಳಿಗ್ಗೆ 11ಕ್ಕೆ ಅಕ್ಕ ಮತ್ತೆ ಬಂದಳು. ತಮ್ಮನ ಮೂರನೇ ದೂರಿನ ಪ್ರತಿ ಅವಳಿಗೆ ಬೇಕಿತ್ತು. ದಫೇದಾರ ಕೊಟ್ಟ. ಅವಳು ನಿಂತೇ ಓದಿದಳು.

"ಬರೆದು ಹಾಕು ಅಂತ ನಾನೇ ಹೇಳಿದ್ದು ಸಾರ್. ಅವನು ಮುಂಗೋಪಿ. ಸುಮ್ನೆ ಬಿಟ್ಟಿದ್ರೆ ಯಾರದಾದ್ರೂ ಕಾಲರ್ ಹಿಡ್ಕೊಂಡು ಆ ಹಿಡಿಕೆ ಹಾಕಿಸ್ಕೊಳ್ತಿದ್ದ."

ಇನ್ಸ್‌ಪೆಕ್ಟರ್ ಅವಳಿಗೆ ಕುರ್ಚಿ ತೋರಿಸಿದರು. ಅಷ್ಟರಲ್ಲಿ ಅವಳ ಫೋನ್ ಸದ್ದು ಮಾಡಿತು. ಅವಳು ನೋಡಿದಳು. ಮತ್ತೆ ಎರಡು ಸಲ ಸದ್ದಾಯಿತು. ಅವಳು ಈಗ ಕುರ್ಚಿ ಎಳೆದುಕೊಂಡು ಕೂತಳು, ಫೋನನ್ನು ಮೇಜಿನ ಮೇಲೆ ಅವರ ಕಡೆ ತಿರುಗಿಸಿಟ್ಟಳು.

ಮೂರು ಮೇಲ್. ಮೂರೂ ಒಂದೇ ಥರ. 'ಪ್ರಿಯ ದೂರುದಾರರೇ, ನಾಲ್ಕನೇ ಶೀತಕೋಣೆಯ ಒಳ ಹಿಡಿಕೆ ಕುರಿತ ನಿಮ್ಮ ದೂರನ್ನು ಪರಿಹರಿಸಲಾಗಿದೆ. ನಮ್ಮ ಸೇವೆ ನಿಮಗೆ ತೃಪ್ತಿ ತಂದಿತೇ? ದಯವಿಟ್ಟು ನಕ್ಷತ್ರ ನೀಡಿ.' ಕೆಳಗೆ ಐದು ಖಾಲಿ ನಕ್ಷತ್ರ.

"ಈಗ ಸರಿಯಾಗಿ ಬರ್ತಿದೆ," ಎಂದಳು ಅಕ್ಕ. "ಇದನ್ನೂ ಬರ್ಕೊಳ್ಳಿ."

ದಫೇದಾರ ಪೆನ್ನಿನ ಮುಚ್ಚಳ ತೆಗೆದು ಸಮಯ ನೋಡಿ ಬರೆದುಕೊಂಡ. 11.07.